ಒಂದೇ ತೋಳಿನ ಕಾಲೇಜು

ಮಾರ್ಚ್ ೪, ಸೋಮವಾರ

ಮೊಮ್ಮಗಳು ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡವಳು ಹೊರಗೆ ಬರಲೇ ಇಲ್ಲ. ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಅಳುವ ಸದ್ದು ಕೇಳದಿರಲಿ ಅಂತ ನಲ್ಲಿ ಬಿಡುವ ಉಪಾಯ ನನಗೆ ಗೊತ್ತಿಲ್ಲವೇ, ನಾನೂ ಒಂದು ಕಾಲಕ್ಕೆ ಸೊಸೆಯಾಗಿದ್ದವಳು. ಬಾಗಿಲು ಬಡಿದೆ. "ತೊಟ್ಟಿ ನೀರೆಲ್ಲ ಖಾಲಿ ಮಾಡ್ಬೇಡ. ಅಳೋದಾದ್ರೆ ಹೊರಗೆ ಬಂದು ಒಣಗಿದ ನೆಲದ ಮೇಲೆ ಕೂತು ಅಳು" ಅಂದೆ.

ಬಂದಳು. ಮುಖ ಊದಿಕೊಂಡಿತ್ತು. ಇವತ್ತು ಆಸ್ಪತ್ರೆಯಲ್ಲಿ ಮೊದಲ ದಿನ. ರೋಗಿಗಳ ರಕ್ತ ತೆಗೆಯುವ ಕೆಲಸ ಕಲಿಸುವ ಕಾಲೇಜಿಗೆ ಆರು ತಿಂಗಳು ಹೋದಳು. ಪರೀಕ್ಷೆಯಲ್ಲಿ ಮೊದಲನೇ ಸ್ಥಾನ. ಬಿಳಿ ಕೋಟು ಹಾಕಿದ ಅವಳ ಫೋಟೋ ಕಾಲೇಜಿನ ಗೋಡೆಗೆ ಹಾಕಿದ್ದಾರೆ. ಅಂಥವಳು ಇವತ್ತು ಒಬ್ಬ ಗಂಡಸಿಗೆ ಮೂರು ಸಲ ಚುಚ್ಚಿದರೂ ಒಂದು ಹನಿ ಬರಲಿಲ್ಲವಂತೆ. ಅಲ್ಲಿನ ದೊಡ್ಡ ಸಿಸ್ಟರ್ ಎಲ್ಲರ ಎದುರಿಗೆ ಸೂಜಿ ಕಿತ್ತುಕೊಂಡರಂತೆ. "ಇದನ್ನ ನಿನಗೆ ಯಾರು ಕಲಿಸಿದ್ದು? ಮನೆಗೆ ಹೋಗು. ತಿಂಗಳ ಕೊನೇ ಶುಕ್ರವಾರ ಬಾ. ಆಗ್ಲೂ ಕೈ ಹೀಗೇ ಇದ್ರೆ ಮತ್ತೆ ಈ ಕಡೆ ತಲೆ ಹಾಕ್ಬೇಡ" ಅಂದರಂತೆ.

"ಪಾಠದ ಹೊತ್ತಲ್ಲಿ ಫೋನ್ ತಿಕ್ಕುತ್ತಾ ಕೂತಿರ್ತೀಯ, ಇನ್ನೇನಾಗತ್ತೆ" ಅಂತ ಬೈದೆ. ಬೈದದ್ದು ಸಿಟ್ಟಿಗಲ್ಲ. ಅವಳ ಕೈ ನೋಡಿದೆ, ಗಾಳಿಗೆ ಸಿಕ್ಕ ಕಾಗದದ ಹಾಗೆ ನಡುಗುತ್ತಿತ್ತು. ನನಗೆ ಭಯವಾದರೆ ನಾಲಿಗೆ ಉದ್ದವಾಗುತ್ತದೆ, ಏನು ಮಾಡಲಿ.

ಮಗಳು, ಅಂದರೆ ಇವಳ ತಾಯಿ, ದಿನವಿಡೀ ಲಾಂಡ್ರಿಯಲ್ಲಿ ನಿಂತು ಇಸ್ತ್ರಿ ಹಾಕಿ ಬರುತ್ತಾಳೆ. "ಅಮ್ಮ, ಮನೆಗೆ ಬಂದಾಗ ನಿನ್ನ ಬಾಯಿಗೊಂದು ಬೀಗ ಇರಲಿ" ಅಂತ ಅವಳ ಅಪ್ಪಣೆ. ಅದಕ್ಕೇ ಈ ಡೈರಿಯಲ್ಲಿ ಬರೆಯುತ್ತಿದ್ದೇನೆ. ಕಾಲೇಜಿನವರೇ ಪುಕ್ಕಟೆ ಕೊಟ್ಟದ್ದು. ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೇ ಕೈಮುಗಿದು ಬಂದವಳು ನಾನು. ತಪ್ಪು ಬರೆದರೆ ಕಿವಿ ಹಿಂಡುವ ಮೇಷ್ಟ್ರು ಈಗ ಇಲ್ಲವಲ್ಲ.

ಮಾರ್ಚ್ ೬, ಬುಧವಾರ

ಇವತ್ತು ಬಾಯಿ ಬಿಟ್ಟಳು. ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ.

ಕಾಲೇಜಿನಲ್ಲಿ ಚುಚ್ಚಿ ಕಲಿಯಲು ಒಂದು ಪ್ಲಾಸ್ಟಿಕ್ ತೋಳು ಇದೆಯಂತೆ. ಒಂದೇ. ಅದೂ ಇವರದಲ್ಲ, ಮೂರು ಬ್ರಾಂಚಿಗೆ ಸೇರಿ ಒಂದು. ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ. ಜವಾನ ಅದನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತರುತ್ತಾನಂತೆ, ಚೀಲದಿಂದ ಬೆರಳುಗಳು ಹೊರಗೆ ಚಾಚಿಕೊಂಡಿರುತ್ತವಂತೆ. ನಗು ಬಂತು. ಮುಂದಿನದು ಕೇಳಿ ನಗು ಅಲ್ಲೇ ಸತ್ತಿತು.

"ಅಜ್ಜಿ, ಅದಕ್ಕೆ ಎಷ್ಟು ಜನ ಚುಚ್ಚಿದಾರೋ. ಮೊಣಕೈ ಹತ್ರ ತೂತು ಬಿದ್ದುಬಿಟ್ಟಿದೆ. ಕಣ್ಣಿಗೆ ಕಾಣತ್ತೆ. ನಾವೆಲ್ಲ ಅದರೊಳಗೇ ಸೂಜಿ ಇಡ್ತಿದ್ವಿ. ಕೆಂಪು ನೀರು ಬರ್ತಿತ್ತು. ಮೇಡಂ ಮಾರ್ಕ್ಸ್ ಕೊಡ್ತಿದ್ರು."

"ಮನುಷ್ಯರ ಕೈಯಲ್ಲಿ ತೂತಿರಲ್ಲ ಅಂತ ಯಾರೂ ಹೇಳ್ಲಿಲ್ವಾ?"

"ಮೇಡಮ್ಮೂ ಅದೇ ಕಾಲೇಜಲ್ಲೇ ಕಲ್ತಿದ್ದು ಅಜ್ಜಿ. ಹೋದ ವರ್ಷ."

ಬೇಗ ಬೇಗ ಅಂತ ಗಡಿಯಾರ ಹಿಡಿದು ಮಾಡಿಸುತ್ತಿದ್ದರಂತೆ. ನಿಮಿಷಕ್ಕೊಬ್ಬರು ಮುಗಿಸಬೇಕು. ನಮ್ಮ ಹುಡುಗಿ ಎಲ್ಲರಿಗಿಂತ ಬೇಗ ತೂತು ಹುಡುಕಿದ್ದಕ್ಕೆ ಮೊದಲನೇ ಸ್ಥಾನ.

ಆ ಕಾಲೇಜಿನ ಬ್ರಾಂಚುಗಳು ಎಷ್ಟಿವೆಯೋ. ಒಂದೊಂದು ಬಸ್ಸಿನ ಹಿಂದೆಯೂ ಅವರದೇ ಚಿತ್ರ. ಪ್ರತಿ ಬ್ರಾಂಚಿನಿಂದಲೂ ಹುಡುಗಿಯರು ಬಿಳಿ ಕೋಟು ಹಾಕಿಕೊಂಡು ಸೂಜಿ ಹಿಡಿದು ಹೊರಡುತ್ತಿದ್ದಾರೆ. ಹಾಸಿಗೆಯಲ್ಲಿ ಮಲಗಿದವರು ನಂಬಿ ತೋಳು ಚಾಚುತ್ತಿದ್ದಾರೆ. ಇದನ್ನು ಬರೆಯುವಾಗ ನನ್ನ ಮೊಣಕೈಯ ಒಳಮಗ್ಗುಲು ತಣ್ಣಗಾಗುತ್ತಿದೆ.

ಮಾರ್ಚ್ ೮, ಶುಕ್ರವಾರ

ಕಾಲೇಜಿಗೆ ಹೋಗಿ ಬಂದೆ. ಗಾಜಿನ ಬಾಗಿಲು ತಾನೇ ತೆರೆದುಕೊಂಡಿತು. ನಾನು ಗದರಲು ಬಾಯಿ ತೆರೆದುಕೊಂಡೇ ಹೋಗಿದ್ದೆ, ಒಳಗಿನ ತಣ್ಣನೆ ಗಾಳಿ ಬಾಯಿಗೆ ನುಗ್ಗಿತು. ಮೆತ್ತನೆ ಸೋಫಾ, ಹೂಕುಂಡ. ಹೂ ಮುಟ್ಟಿ ನೋಡಿದೆ, ಅದೂ ಪ್ಲಾಸ್ಟಿಕ್ಕೇ. ಹೂವಿಗೆ ಸಿಕ್ಕ ಪ್ಲಾಸ್ಟಿಕ್ಕು ಇನ್ನೊಂದು ತೋಳಿಗೆ ಸಿಗಲಿಲ್ಲ ನೋಡಿ.

ಸೀಟು ಕೊಡಿಸುವವನೊಬ್ಬ ಬಂದ. ಕೊರಳಿಗೆ ಟೈ, ನಾಲಿಗೆಗೆ ಜೇನು. ಜೇನುಬಾಯಿ ಅಂತಲೇ ಕರೆಯುತ್ತೇನೆ.

"ಅಮ್ಮಾ, ಮೊದ್ಲು ಕೂತ್ಕೊಳ್ಳಿ. ಏನ್ ತಗೋತೀರಿ, ಟೀನಾ ಕಾಫಿನಾ?"

"ತೋಳು ತಗೋತೀನಿ. ತೂತಿಲ್ಲದ್ದು."

ನಕ್ಕ. ನನ್ನ ಕೈಯನ್ನು ತನ್ನ ಎರಡೂ ಅಂಗೈಯೊಳಗೆ ಇಟ್ಟುಕೊಂಡ. "ಹೆದರಿಕೆ ಸಹಜ ಅಮ್ಮ. ಹೆದರೋರೇ ಮುಂದೆ ಬರೋದು. ನಿಮ್ಮ ಮೊಮ್ಮಗಳು ಮೊದಲನೇ ಸ್ಥಾನ, ನಮ್ಮ ಹೆಮ್ಮೆ. ಏನೂ ಆಗಲ್ಲ. ಒಂದೇ ಒಂದು ಸಲ ನಂಬಿ ನೋಡಿ. ನಾವಿದ್ದೀವಲ್ಲ."

ನಾನು ಕೇಳಿದ್ದಕ್ಕೆ ಒಂದಕ್ಕೂ ಉತ್ತರವಿಲ್ಲ. ಆದರೆ ಉತ್ತರ ಸಿಕ್ಕ ಹಾಗೇ ಅನಿಸುತ್ತಿತ್ತು, ಅದೇ ಅವನ ಕಸುಬು. ಮುಂದಿನ ಮೂರು ತಿಂಗಳ ಕೋರ್ಸಿಗೆ ಸೇರಿಸಿ ಅಂದ. ಬೀದಿಗೆ ಬಂದ ಮೇಲೆ ನೆನಪಾಯಿತು, ಬಾಗಿಲಲ್ಲಿ ನಾನು ಅವನಿಗೆ "ತುಂಬಾ ಉಪಕಾರ ಆಯ್ತಪ್ಪ" ಅಂದಿದ್ದೆ. ಯಾವ ಉಪಕಾರ? ನನ್ನ ನಾಲಿಗೆಯ ಮೇಲೆ ನನಗೇ ಹೇಸಿಗೆಯಾಯಿತು.

ಮಾರ್ಚ್ ೧೧, ಸೋಮವಾರ

ನನ್ನ ತೋಳು ಕೊಟ್ಟೆ.

ಇನ್ನೇನು ಮಾಡುವುದು? ಕಾಲೇಜಿನವರು ಕೊಟ್ಟ ಚೀಲದಲ್ಲಿ ಸೂಜಿ, ಕೊಳವೆ, ಹತ್ತಿ, ರಬ್ಬರ್ ಪಟ್ಟಿ ಎಲ್ಲ ಹೊಸದಾಗೇ ಇವೆ. ಇಲ್ಲದ್ದು ಮನುಷ್ಯರ ಕೈ. ಅವಳು ಬೇಡ ಬೇಡ ಅಂದಳು. "ಮುದುಕಿ ಕೈ, ಇದ್ದರೆಷ್ಟು ಹೋದರೆಷ್ಟು, ಚುಚ್ಚು" ಅಂದೆ.

ಸೂಜಿ ಅಂದರೆ ನನಗೆ ಹಾವಿನಷ್ಟು ಭಯ. ಇದನ್ನು ಯಾರಿಗೂ ಹೇಳಿಲ್ಲ. ಅಡುಗೆಮನೆ ಮೇಜಿನ ಮೇಲೆ ತೋಳು ಚಾಚಿ ಗೋಡೆಯ ಹಲ್ಲಿ ನೋಡುತ್ತಾ ಕೂತೆ. ಮೊದಲನೆಯದು ತಪ್ಪಿತು. "ಕಣ್ಣೇನು ನೆತ್ತಿ ಮೇಲಿದೆಯಾ" ಅಂತ ಕಿರುಚಿದೆ. ಎರಡನೆಯದೂ ತಪ್ಪಿತು. ನಾನು ಕಿರುಚಿದಷ್ಟೂ ಅವಳ ಕೈ ಅವಸರಪಡುತ್ತದೆ. ಸೆರಗು ಬಾಯಿಗೆ ತುರುಕಿಕೊಂಡೆ. ಹಲ್ಲಿ ಹೋಗಿಬಿಟ್ಟಿತು, ಅದಕ್ಕೂ ನೋಡಲಾಗಲಿಲ್ಲ.

ಮಗಳಿಗೆ ಕಾಣದಿರಲಿ ಅಂತ ಉದ್ದ ತೋಳಿನ ರವಿಕೆ ಹಾಕಿಕೊಂಡಿದ್ದೇನೆ. "ಈ ಸೆಕೆಯಲ್ಲಿ?" ಅಂದಳು. "ವಯಸ್ಸಾದೋರಿಗೆ ಚಳಿ" ಅಂದೆ.

ಮಾರ್ಚ್ ೧೬, ಶನಿವಾರ

ಬಂತು! ಕಪ್ಪು ಕೆಂಪು, ಕೊಳವೆಯೊಳಗೆ ಸುರ್ರನೆ. "ಬಂತು ಬಂತು" ಅಂತ ಇಬ್ಬರೂ ಕೂಗಿದೆವು, ಮೂರು ದಿನ ನಿಂತ ನಲ್ಲಿಯಲ್ಲಿ ನೀರು ಕಂಡವರ ಹಾಗೆ. ಹುಡುಗಿ ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ತೋಳಿಗೆ ಬಿಗಿದ ರಬ್ಬರ್ ಪಟ್ಟಿ ಬಿಚ್ಚುವುದು ಮರೆತಿದ್ದಳು, ತೋಳು ನೀಲಿಗಟ್ಟಿತ್ತು.

ಮಾರ್ಚ್ ೧೯, ಮಂಗಳವಾರ

ಈಗ ಪ್ರತಿ ಸಲವೂ ಬರುತ್ತದೆ. ಅತ್ತ ಇತ್ತ ಮಾತಾಡುತ್ತಲೇ ಇಡುತ್ತಾಳೆ, ಬರುತ್ತದೆ. ಗೆದ್ದೆವು ಅಂದುಕೊಂಡು ಇವತ್ತು ಮೊದಲ ಸಲ ತೋಳಿನ ಕಡೆ ಕಣ್ಣು ಹಾಯಿಸಿದೆ.

ಎಲ್ಲ ಗುರುತೂ ಒಂದೇ ಕಡೆ. ಸಾಸಿವೆ ಕಾಳಿನಷ್ಟು ಜಾಗ.

"ಬಲಗೈಗೆ ಹಾಕು ನೋಡೋಣ" ಅಂದೆ. ಹಾಕಿದಳು. ಬರಲಿಲ್ಲ. ಮತ್ತೆ ಹಾಕಿದಳು. ಬರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅವಳಿಗೆ ಬಂದದ್ದು ನನ್ನ ಎಡಗೈ ಅಷ್ಟೇ. ಪ್ಲಾಸ್ಟಿಕ್ ತೋಳು ಹೋಗಿ ಅಜ್ಜಿಯ ತೋಳು ಬಂತು. ದೊಡ್ಡ ಸಿಸ್ಟರ್ ಎದುರಿಗೆ ನನ್ನ ಎಡಗೈಯನ್ನು ಚೀಲದಲ್ಲಿ ಹಾಕಿ ಕಳಿಸಲಾಗುತ್ತದೆಯೇ? ಶುಕ್ರವಾರ ಓಡಿ ಬರುತ್ತಿದೆ. ಬೇರೆ ತೋಳುಗಳು ಬೇಕು. ದಪ್ಪನೆಯವು, ಸಣ್ಣವು, ಒಣಗಿದವು.

ಮಾರ್ಚ್ ೨೧, ಗುರುವಾರ

ಹುಡುಗಿಯನ್ನು ಕರೆದುಕೊಂಡು ಮೊದಲು ಮೇಲಿನ ಮನೆ ಟೈಲರಮ್ಮನ ಹತ್ತಿರ ಹೋದೆ. "ನನ್ನ ರಕ್ತ ನಿಮಗ್ಯಾಕೆ, ನೀವು ಮಾತಲ್ಲೇ ಕುಡೀತೀರಲ್ಲ" ಅಂದಳು. ಬೇರೆ ದಿನವಾದರೆ ನಾನು ಬಿಡುತ್ತಿರಲಿಲ್ಲ. ಇವತ್ತು ನಕ್ಕೆ. ಅವಳ ಕೈಯನ್ನು ನನ್ನೆರಡು ಕೈಯೊಳಗೆ ಇಟ್ಟುಕೊಂಡೆ. "ಹೆದರಿಕೆ ಸಹಜ ಕಣೇ. ನನ್ನ ಮೊಮ್ಮಗಳು ಕಾಲೇಜಿಗೇ ಮೊದಲು, ಫೋಟೋ ಹಾಕಿದಾರೆ. ಒಂದೇ ಒಂದು ಸಲ ನಂಬಿ ನೋಡು" ಅಂದೆ. ಒಪ್ಪಿದಳು! ತೋಳು ಚಾಚಿದಳು, ಎರಡನೇ ಸಲಕ್ಕೆ ರಕ್ತವೂ ಬಂತು.

ಕೆಳಗಿನ ಮನೆಯ ಡ್ರೈವರ್‌ಗೂ ಹೇಳಿ ಬಂದಿದ್ದೇನೆ. ಬಸ್ ಓಡಿಸಿ ನಿವೃತ್ತರಾದ ಒಂಟಿ ಜೀವ, ಒಳ್ಳೆ ಅಗಲದ ತೋಳು. ಶನಿವಾರ ಬರುತ್ತಾರೆ. ಮಾತಾಡುವ ರೀತಿಯಲ್ಲಿ ಮಾತಾಡಿದರೆ ಯಾರು ಒಪ್ಪುವುದಿಲ್ಲ? ಇಷ್ಟು ವರ್ಷ ಸುಮ್ಮನೆ ಜಗಳವಾಡಿಕೊಂಡು ಬಂದೆ.

ಮೆಟ್ಟಿಲು ಹತ್ತುವಾಗ ಹುಡುಗಿ, "ಅಜ್ಜಿ, ನೀನು ಅವನ ಹಾಗೇ ಮಾತಾಡ್ತೀಯ" ಅಂದಳು.

"ಯಾವನ ಹಾಗೆ?"

ಎರಡೆರಡು ಮೆಟ್ಟಿಲು ಹತ್ತಿ ಮುಂದೆ ಹೋದಳು. ಈಗಿನ ಮಕ್ಕಳಿಗೆ ಉಪಕಾರ ಸ್ಮರಣೆ ಕಡಿಮೆ.

ಮಾರ್ಚ್ ೨೩, ಶನಿವಾರ

ಡ್ರೈವರ್ ಬಂದು ಅಂಗಿ ತೋಳು ಮಡಿಸಿ ಕೂತರು. "ನೋಡಿ, ನಾನು ಒಂದು ಮಾತ್ರೆ ತಗೋತೀನಿ, ಎದೇದು. ಅದು ಸ್ವಲ್ಪ..." ಅಂತ ಶುರು ಮಾಡಿದರು.

"ಯಾವ ಮಾತ್ರೆ?" ಅಂತ ಹುಡುಗಿ ಸೂಜಿ ಕೆಳಗಿಟ್ಟಳು.

ಈ ಮನುಷ್ಯ ಬಾಯಿ ತೆರೆದರೆ ಹಳೇ ಬಸ್ಸಿನ ಹಾಗೆ, ಎಲ್ಲಿ ನಿಲ್ಲುತ್ತಾರೋ ದೇವರೇ ಬಲ್ಲ. ಮಗಳು ಬರುವ ಹೊತ್ತಾಗುತ್ತಿತ್ತು. "ಅಯ್ಯೋ, ನಮ್ಮ ವಯಸ್ಸಲ್ಲಿ ಮಾತ್ರೆ ತಗೊಳ್ಳದೋರು ಯಾರಿದಾರೆ? ಒಂದು ಹನಿಗೆ ಇಷ್ಟು ಪೀಠಿಕೆನಾ? ಏನೂ ಆಗಲ್ಲ, ನಾನಿದ್ದೀನಲ್ಲ" ಅಂದೆ. ಅವರು ನಕ್ಕು ತೋಳು ಮುಂದೆ ಚಾಚಿದರು. ಹುಡುಗಿ ನನ್ನ ಮುಖ ನೋಡಿದಳು. "ಹಾಕೇ" ಅಂದೆ.

ಸ್ವಲ್ಪ ಹೆಚ್ಚು ಒಳಗೆ ಹೋಯಿತೋ ಏನೋ. ಚರ್ಮದ ಕೆಳಗೆ ಸಣ್ಣ ಬುಗುಟೆ ಎದ್ದಿತು. ಹತ್ತಿ ಒತ್ತಿ ಕಳಿಸಿದೆವು. ದೊಡ್ಡದೇನಲ್ಲ.

ಮಾರ್ಚ್ ೨೪, ಭಾನುವಾರ

ದೊಡ್ಡದೇ.

ಡ್ರೈವರ್ ತೋಳು ಮೊಣಕೈಯಿಂದ ಮುಂಗೈವರೆಗೆ ಬದನೆಕಾಯಿ ಬಣ್ಣ. ಮುಟ್ಟಿದರೆ ಕಲ್ಲು. ಚುಚ್ಚಿದ ಜಾಗದಲ್ಲಿ ಇನ್ನೂ ಜಿನುಗುತ್ತಿದೆ. ಆ ಮಾತ್ರೆ ರಕ್ತ ನೀರಾಗಿಸುವ ಮಾತ್ರೆಯಂತೆ. ನಿನ್ನೆ ಹೇಳಲು ಬಂದದ್ದು ಅದನ್ನೇ.

"ಇಷ್ಟು ವರ್ಷ ಬಸ್ ಓಡ್ಸಿದೀನಿ, ಒಂದು ನಾಯಿಗೂ ಗುದ್ದಿಲ್ಲ. ನಿಮ್ಮ ಮನೇಲಿ ಕೂತಲ್ಲೇ ಗುದ್ದಿಸ್ಕೊಂಡೆ ನೋಡಿ" ಅಂದರು. ತುಟಿ ಬೆಳ್ಳಗಿತ್ತು.

ಹುಡುಗಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಅಂತಾಳೆ. ಯಾವ ಆಸ್ಪತ್ರೆಗೆ? ಹತ್ತಿರ ಇರುವುದು ಅದೊಂದೇ. ದೊಡ್ಡ ಸಿಸ್ಟರ್ ಕಣ್ಣಿಗೆ ಬಿದ್ದರೆ ಶುಕ್ರವಾರವೂ ಇಲ್ಲ, ಕೆಲಸವೂ ಇಲ್ಲ. ಪೊಲೀಸು ಗಿಲೀಸು ಅಂದರೆ? ಮಂಜುಗಡ್ಡೆ ಇಟ್ಟು ಒಂದು ದಿನ ಕಾಯೋಣ ಅಂದೆ. ಅವಳ ಒಳ್ಳೆಯದಕ್ಕೇ ಹೇಳಿದ್ದು. ಅವಳ ಒಳ್ಳೆಯದಕ್ಕೇ.

ಕೆಳಗಿನಿಂದ ಕೆಮ್ಮು ಕೇಳಿದರೆ ಸಮಾಧಾನ. ನಿಂತರೆ ಮೆಟ್ಟಿಲಿಳಿಯುತ್ತೇನೆ. ಎರಡು ಸಲ ಹೋಗಿ ಬಾಗಿಲಿಗೆ ಕಿವಿಯಿಟ್ಟು ಬಂದೆ. ಒಳಗೆ ಹೋಗುವ ಧೈರ್ಯ ಬರಲಿಲ್ಲ.

ಮಾರ್ಚ್ ೨೫, ಸೋಮವಾರ

ಬೆಳಿಗ್ಗೆ ಡ್ರೈವರ್ ಬೆರಳುಗಳು ಊದಿ ಮಡಿಸಲಾಗದೆ ಹೋದವು. ಹುಡುಗಿ ಚಪ್ಪಲಿ ಮೆಟ್ಟಿದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಹೋದ್ರೆ ನಿನ್ನ ಕಥೆ ಮುಗೀತು" ಅಂದೆ.

"ದಾರಿ ಬಿಡು ಅಜ್ಜಿ."

"ನಿಮ್ಮಮ್ಮ ನಿಂತು ನಿಂತು ಕಾಲು ಊದಿಸ್ಕೊಂಡು ನಿನ್ನ ಓದಿಸಿದ್ದು..."

"ಕೆಳಗೆ ಆ ಮನುಷ್ಯನ ಕೈ ಹೋಗ್ತಾ ಇದೆ. ದಾರಿ ಬಿಡು."

ಕಿರುಚಲಿಲ್ಲ. ಕಿರುಚಿದ್ದರೆ ನಾನೂ ಕಿರುಚುತ್ತಿದ್ದೆ, ಅದು ನನಗೆ ಗೊತ್ತಿರುವ ಆಟ. ನಾನು ಪಕ್ಕಕ್ಕೆ ಸರಿದೆ. ಕಾಲು ತಾನೇ ಸರಿಯಿತು, ನಾನು ಸರಿಸಿದ್ದಲ್ಲ.

ಆಟೋ ಹಿಡಿದು ಕರೆದೊಯ್ದಳು. ನಾನು ಹೋಗಲಿಲ್ಲ. ಮನೆಯಲ್ಲಿ ಕೂತು ಒಂದೇ ಪಾತ್ರೆಯನ್ನು ಮತ್ತೆ ಮತ್ತೆ ತಿಕ್ಕಿದೆ.

ಸಂಜೆ ಬಂದು ಹೇಳಿದಳು. ಸೇರಿಸಿಕೊಂಡಿದ್ದಾರೆ. ಕೈ ಉಳಿಯುತ್ತದೋ ಬಿಡುತ್ತದೋ ಎರಡು ದಿನ ನೋಡಬೇಕಂತೆ. ದೊಡ್ಡ ಸಿಸ್ಟರ್ ಎದುರಿಗೆ ಎಲ್ಲ ಬಿಚ್ಚಿ ಹೇಳಿಬಿಟ್ಟಿದ್ದಾಳೆ. ಪ್ಲಾಸ್ಟಿಕ್ ತೋಳು, ನನ್ನ ತೋಳು, ಮಾತ್ರೆಯ ಮಾತು ಅರ್ಧಕ್ಕೇ ನಿಂತದ್ದು.

"ನಾನು ಬಾಯಿ ಹಾಕಿದ್ದೂ ಹೇಳಿದ್ಯಾ?"

"ಇಲ್ಲ. ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ ಅಂತ ಹೇಳ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಗಳಿಗೂ ಎಲ್ಲ ಗೊತ್ತಾಯಿತು. ಅವಳು ನನ್ನ ರವಿಕೆ ತೋಳು ಮೇಲಕ್ಕೆ ಸರಿಸಿ ನೋಡಿ, ಮತ್ತೆ ಕೆಳಗೆಳೆದಳು.

ಮಾರ್ಚ್ ೨೭, ಬುಧವಾರ

ಕೈ ಉಳಿಯಿತು.

ಮಾರ್ಚ್ ೨೯, ಶುಕ್ರವಾರ

ಪರೀಕ್ಷೆ ನಡೆಯಲೇ ಇಲ್ಲ. ದೊಡ್ಡ ಸಿಸ್ಟರ್ ಹೇಳಿದರಂತೆ: "ಸೂಜಿ ಮುಟ್ಟೋ ಹಾಗಿಲ್ಲ. ಆ ಸರ್ಟಿಫಿಕೇಟು ಮನೇಲಿಡು. ಬರೋದಾದ್ರೆ ಬಾ, ಕೊಳವೆಗೆ ಚೀಟಿ ಅಂಟ್ಸು, ಹತ್ತಿ ಹಿಡ್ಕೊ, ಕಣ್ಬಿಟ್ಟು ನೋಡು. ಮತ್ತೆ ಸೂಜಿ ಯಾವಾಗ ಅನ್ನೋದು ನಾನು ಹೇಳ್ತೀನಿ. ಒಂದು ವರ್ಷ ಆದ್ರೂ ಆದೀತು." ಇವಳು ಹೂಂ ಅಂದು ಬಂದಿದ್ದಾಳೆ. ಚೀಟಿ ಅಂಟಿಸಲು ಆರು ತಿಂಗಳ ಕಾಲೇಜೇ? ಬಾಯಿಗೆ ಬಂದದ್ದನ್ನು ನುಂಗಿದೆ. ಈಚೆಗೆ ನುಂಗುವುದೇ ಹೆಚ್ಚಾಗಿದೆ.

ಮಧ್ಯಾಹ್ನ ಅವಳ ಫೋನ್ ಬಡಿದುಕೊಂಡಿತು, ನಾನೇ ಎತ್ತಿದೆ. ಜೇನುಬಾಯಿ. "ಅಮ್ಮಾ, ವಿಷಯ ಗೊತ್ತಾಯ್ತು. ಚಿಂತೆ ಬೇಡ, ಇನ್ನೊಂದು ಆಸ್ಪತ್ರೆ ಇದೆ, ಸೋಮವಾರದಿಂದಲೇ ಸೂಜಿ ಕೊಡ್ತಾರೆ. ಅಲ್ಲಿ ಅಷ್ಟೊಂದು ನೋಡೋಕೆ ಹೋಗಲ್ಲ. ಹೆದರಿಕೆ ಸಹಜ. ಏನೂ ಆಗಲ್ಲ, ನಾವಿದ್ದೀವಲ್ಲ."

ಫೋನ್ ಇಟ್ಟು ಹೋಗಿ ಬಾಯಿ ಮುಕ್ಕಳಿಸಿದೆ, ಮೂರು ಸಲ. ಮಾತಾಡಿದ್ದು ಅವನು, ನಾನೇಕೆ ಮುಕ್ಕಳಿಸಿದೆ ಗೊತ್ತಿಲ್ಲ.

ಸಂಜೆ ಹುಡುಗಿಗೆ ಹೇಳಿದೆ, ಮುಚ್ಚಿಡಲಿಲ್ಲ. "ಅಲ್ಲಿ ನೋಡೋಕೆ ಹೋಗಲ್ವಂತೆ" ಅಂದೆ. "ಅಲ್ಲಿ ಮಲಗಿರೋರಿಗೆ ಅದನ್ನ ಯಾರಾದ್ರೂ ಹೇಳಿದಾರಾ ಅಜ್ಜಿ?" ಅಂದಳು. ಅಷ್ಟೇ. ಊಟಕ್ಕೆ ಕೂತೆವು.

ಏಪ್ರಿಲ್ ೨, ಮಂಗಳವಾರ

ಇವತ್ತು ಧೈರ್ಯ ಮಾಡಿ ಆಸ್ಪತ್ರೆಗೆ ಹೋದೆ. ಡ್ರೈವರ್ ದಿಂಬಿಗೆ ಒರಗಿ ಕೂತಿದ್ದರು, ತೋಳು ಹಳದಿ ಹಸಿರು ನೇರಳೆ, ಭೂಪಟದ ಹಾಗೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. "ನೋಡಿ, ಆವತ್ತು..." ಅಂತ ಶುರು ಮಾಡಿದೆ.

"ಚೆನ್ನಾಗಿ ಮಾತಾಡ್ಬೇಡಿ" ಅಂದರು. "ನೀವು ಚೆನ್ನಾಗಿ ಮಾತಾಡಿದ್ರೆ ನನಗೆ ಭಯ ಆಗತ್ತೆ. ಎಂದಿನ ಹಾಗೆ ಬೈಯಿರಿ."

"ಹಾಗಾದ್ರೆ ಕಾಲು ಮಡಿಸಿ, ಕೂರೋಕೆ ಜಾಗ ಕೊಡಿ. ಆಸ್ಪತ್ರೆ ಮಂಚ ನಿಮ್ಮ ಬಸ್ಸಲ್ಲ" ಅಂದೆ. ಕಾಲು ಮಡಿಸಿದರು.

ಆಗ ರಕ್ತ ತೆಗೆಯಲು ದೊಡ್ಡ ಸಿಸ್ಟರ್ ಬಂದರು, ಹಿಂದೆ ತಟ್ಟೆ ಹಿಡಿದು ನಮ್ಮ ಹುಡುಗಿ. ಸೂಜಿ ನೋಡಿದ್ದೇ ನಾನು ಮಂಚದ ಕಂಬಿ ಹಿಡಿದುಕೊಂಡೆ. ಇನ್ನೊಂದು ತೋಳೂ ಕಪ್ಪಾದರೆ? ಹುಡುಗಿ ಡ್ರೈವರ್ ಪಕ್ಕ ಬಗ್ಗಿ ಕೇಳಿದಳು: "ಇವತ್ತು ಯಾವ ಯಾವ ಮಾತ್ರೆ ತಗೊಂಡ್ರಿ?" ಚೀಟಿಯಲ್ಲಿ ಬರೆದೇ ಇತ್ತು. ಆದರೂ ಕೇಳಿದಳು. ಅವರು ಹೇಳುತ್ತಾ ಹೋದರು, ಒಂದೊಂದರ ಬಣ್ಣ, ಗಾತ್ರ, ಯಾವುದು ಕಹಿ, ಯಾವುದು ನುಂಗುವಾಗ ಸಿಕ್ಕಿಕೊಳ್ಳುತ್ತದೆ. ನನಗೆ ಕೂತಲ್ಲಿ ಮುಳ್ಳು. ಕೂತೇ ಇದ್ದೆ.

ಸಿಸ್ಟರ್ ಒಂದೇ ಸಲಕ್ಕೆ ತೆಗೆದರು. ಹುಡುಗಿ ಹತ್ತಿ ಇಟ್ಟು ಹೆಬ್ಬೆರಳಲ್ಲಿ ಒತ್ತಿ ಹಿಡಿದಳು. ಸಿಸ್ಟರ್ ಮುಂದಿನ ಮಂಚಕ್ಕೆ ಹೋದರು. "ಬಾರೇ, ತಟ್ಟೆ ತಗೊಂಡು ಬಾ" ಅಂತ ಕರೆದರು. ಅವಳು ಹತ್ತಿ ಎತ್ತಿ ಒಂದು ಕ್ಷಣ ನೋಡಿ, ಮತ್ತೆ ಒತ್ತಿದಳು.

"ಇನ್ನೂ ನಿಂತಿಲ್ಲ ಸಿಸ್ಟರ್."

ಆ ಸಿಸ್ಟರ್ ಎಂಥವರು ಅಂತ ಕೇಳಿದ್ದೇನೆ. ಚೀಟಿ ಅಂಟಿಸುವ ಕೆಲಸವೂ ಇವತ್ತಿಗೆ ಮುಗಿಯಿತು ಅಂದುಕೊಂಡೆ. "ಹೋಗೇ, ಕರೀತಿದಾರೆ, ನಾನು ಹಿಡ್ಕೋತೀನಿ" ಅನ್ನಲು ಬಾಯಿ ತೆರೆದೆ. ಹುಡುಗಿ ತಲೆ ಎತ್ತಲಿಲ್ಲ. ನಾನು ಬಾಯಿ ಮುಚ್ಚಿದೆ.

ಸಿಸ್ಟರ್ ತಿರುಗಿ ನೋಡಿದರು. ಆಮೇಲೆ ತಾವೇ ಬಂದು ತಟ್ಟೆ ಎತ್ತಿಕೊಂಡು ಹೋದರು.

ಅವಳು ಒತ್ತಿಕೊಂಡೇ ಇದ್ದಳು. ಕೈ ನಡುಗುತ್ತಿತ್ತು, ಹೆಬ್ಬೆರಳು ಮಾತ್ರ ಕದಲಲಿಲ್ಲ.